ಗುರುವಾರ ಇಸುಲ್ ಎಲ್ಲಿಗೆ ಹೋಗುತ್ತಾಳೆ?

ಗುರುವಾರ ಬಂತೆಂದರೆ ಇಸುಲ್ ಫೋನು ಆರಿಸಿಬಿಡುತ್ತಿದ್ದಳು. ಬೆಳಗಿನ ಗಿರಾಕಿಗಳು ಕಡಿಮೆಯಾದ ಕೂಡಲೇ ಏಪ್ರನ್ ಕಳಚಿ, "ಗೆಳತಿ ಕರೆದಿದ್ದಾಳೆ" ಎಂದು ಹೊರಡುವಳು. ಯಾವ ಗೆಳತಿ ಎಂದು ಕೇಳಿದರೆ ಒಂದೇ ಉತ್ತರ: "ನಿಂಗೆ ಗೊತ್ತಿಲ್ಲ ಬಿಡಮ್ಮ."

ತಾಯಿ ಬೊಕ್‌ಹೀಗೆ ಕೊರಿಯಾದ ಚೊಂಜು ನಗರದ ಸಂತೆಯಲ್ಲಿ ಅಂಗಡಿ. ಅನ್ನಕ್ಕೆ ನಂಜಿಕೊಳ್ಳುವ ಪದಾರ್ಥ ಮಾಡಿ ಮಾರುತ್ತಾಳೆ. ಹುಳಿ ಬರಿಸಿದ ಕೋಸಿನ ಕಿಮ್ಚಿ, ಸೋಯಾ ರಸದಲ್ಲಿ ಬೇಯಿಸಿದ ತಾವರೆ ಬೇರು, ಎಳ್ಳೆಣ್ಣೆ ಕಲಸಿದ ಮೊಳಕೆ. ಇಪ್ಪತ್ತೆರಡು ವರ್ಷದ ಮಗಳು ಜೊತೆಗೆ ದುಡಿಯುತ್ತಾಳೆ. ಈಚೆಗೆ ಮನೆಯ ಫ್ರಿಜ್‌ನಲ್ಲಿಟ್ಟ ಅಕ್ಕಿ ಕಡುಬು ಡಬ್ಬಿಗಟ್ಟಲೆ ಮಾಯವಾಗುತ್ತಿತ್ತು. ಗುರುವಾರ ಇಸುಲ್ ಅಂಗಡಿಯಿಂದಲೂ ಒಂದು ಡಬ್ಬಿ ಚೀಲದಲ್ಲಿಟ್ಟುಕೊಂಡು ಹೋಗುತ್ತಿದ್ದಳು.

ಬೊಕ್‌ಹೀ ಪಕ್ಕದ ಕೇಶಾಲಂಕಾರ ಅಂಗಡಿಯ ಯಂಗ್‌ನಿಮ್ ಹತ್ತಿರ ಹೇಳಿಕೊಂಡಳು. ಯಂಗ್‌ನಿಮ್ ಕೈಯಲ್ಲಿದ್ದ ಕತ್ತರಿ ಕೆಳಗಿಟ್ಟಳು.

"ಇಸುಲ್ ಅಮ್ಮ, ಇದು ಕಳ್ಳ ಪಂಥದವರ ಕೆಲ್ಸ! ನನ್ನ ತಂಗಿ ಮಗಳನ್ನ ಹೀಗೇ ಎಳ್ಕೊಂಡಿದ್ದು. ಮೊದ್ಲು ಬೀದೀಲಿ ನಿಲ್ಸಿ ಮನಸ್ಸಿನ ಪರೀಕ್ಷೆ ಮಾಡ್ತೀವಿ ಅಂದ್ರು. ಆಮೇಲೆ ವಾರ ವಾರ ಪಾಠ. ಮನೇಲಿ ಹೇಳ್ಬೇಡ ಅಂದ್ರು. ಹೊಸ ಹೆಸ್ರು ಇಟ್ರು. ಮುಖ ಅರ್ಧ ಆಗೋಗಿತ್ತು ಆ ಹುಡುಗೀದು."

"ನಮ್ಮವಳ ಮುಖಾನೂ ಅರ್ಧ ಆಗಿದೆ ಅಕ್ಕ."

"ಅಯ್ಯೋ, ಚಂದ ಆಗಿದೀಯ ಕಣೇ ಅಂತ ಮೊನ್ನೆ ನಾನೇ ಹೊಗಳಿದ್ನಲ್ಲ!"

ಅಂದು ಸಂಜೆ ಬೊಕ್‌ಹೀ ಬಾಗಿಲ ಮರೆಯಲ್ಲಿ ನಿಂತು ಮಗಳ ಮಾತು ಕೇಳಿಸಿಕೊಂಡಳು. ಇಸುಲ್ ಫೋನಿನಲ್ಲಿ ಪಿಸುಗುಟ್ಟುತ್ತಿದ್ದಳು: "ನಾನು ಗುಬ್ಬಿ ಮಾತಾಡ್ತಿರೋದು. ಈ ವಾರ ಮತ್ತೆ ಸೋತೆ. ಇಲ್ಲ, ಅಮ್ಮಂಗೆ ಹೇಳಿಲ್ಲ."

ಗುಬ್ಬಿ! ಹೊಸ ಹೆಸರೂ ಆಯಿತು. ಬೊಕ್‌ಹೀಗೆ ಇನ್ನು ಯಾವ ಸಾಕ್ಷಿಯೂ ಬೇಕಿರಲಿಲ್ಲ.

ಮುಂದಿನ ಗುರುವಾರ ಇಬ್ಬರೂ ಅಂಗಡಿಗೆ ಬಾಗಿಲೆಳೆದು ಇಸುಲ್‌ಳ ಹಿಂದೆ ಹೊರಟರು. ಅವಳು ಒಂದು ಕಟ್ಟಡದ ಮೂರನೇ ಮಹಡಿಗೆ ಹತ್ತಿದಳು. ಅಲ್ಲಿ 'ನಗರದ ಮಾನಸಿಕ ಆರೋಗ್ಯ ಕೇಂದ್ರ' ಎಂಬ ಬೋರ್ಡು ಇತ್ತು.

"ಸರ್ಕಾರದ್ದೇನೋ ಅನ್ಸತ್ತಲ್ಲ ಅಕ್ಕ," ಎಂದಳು ಬೊಕ್‌ಹೀ.

"ಬೋರ್ಡು ಯಾರ್ ಬೇಕಾದ್ರೂ ಹಾಕ್ತಾರೆ! ನಡಿ ನಡಿ."

ಬಾಗಿಲ ಹೊರಗೆ ಸಾಲಾಗಿ ಬಿಟ್ಟ ಪಾದರಕ್ಷೆಗಳು. ಒಂದು ಬುಟ್ಟಿಯ ತುಂಬ ಫೋನುಗಳು. ಯಂಗ್‌ನಿಮ್ 'ನೋಡಿದ್ಯಾ' ಎಂಬಂತೆ ಹುಬ್ಬು ಹಾರಿಸಿದಳು. ಬೊಕ್‌ಹೀ ಬಾಗಿಲು ನೂಕಿಯೇ ಬಿಟ್ಟಳು.

ಒಳಗೆ ಮಂತ್ರವಿಲ್ಲ, ಪಟವಿಲ್ಲ. ಉದ್ದ ಮೇಜಿನ ಸುತ್ತ ಕೆಲವು ಹೆಂಗಸರು, ಒಬ್ಬ ಗಂಡಸು. ಎಲ್ಲರ ಮುಂದೆಯೂ ಅನ್ನದ ಬಟ್ಟಲು. ನಡುವೆ ಬೊಕ್‌ಹೀಯ ಅಂಗಡಿಯದೇ ಡಬ್ಬಿ, ತಾವರೆ ಬೇರಿನದು. ಇಸುಲ್‌ಳ ಊಟದ ಕಡ್ಡಿಯಲ್ಲಿ ಹಿಡಿದ ತುಂಡು ಅರ್ಧ ದಾರಿಯಲ್ಲಿ ನಿಂತಿತು.

"ಏಳು! ನಡಿ ಮನೆಗೆ!"

"ನಿಮ್ ಗುರು ಯಾರು? ಮೊದ್ಲು ಅದು ಹೇಳಿ!" ಎಂದು ಯಂಗ್‌ನಿಮ್ ಎಲ್ಲರನ್ನೂ ಗದರಿದಳು.

ಮೇಜಿನ ತುದಿಯಲ್ಲಿದ್ದ ಹೆಂಗಸು ಎದ್ದು ಬಂದು ತಲೆಬಾಗಿಸಿದಳು. "ಇಲ್ಲಿ ಗುರು ಇಲ್ಲಮ್ಮ, ಊಟ ಇದೆ ಅಷ್ಟೆ. ನಾನು ಸೊನ್‌ಹ್ವಾ, ಇಲ್ಲಿಯ ನರ್ಸ್. ಇಸುಲ್ ಯಾಕೆ ಬರ್ತಾಳೆ ಅಂತ ನಾನು ಹೇಳೋ ಹಾಗಿಲ್ಲ. ಅವಳೇ ಹೇಳ್ಬೇಕು."

ಇಸುಲ್ ಕಡ್ಡಿ ಕೆಳಗಿಟ್ಟಳು. "ಕಡುಬು ತಿಂದಿದ್ದು ನಾನೇ ಅಮ್ಮ. ಶುರು ಮಾಡಿದ್ರೆ ನಿಲ್ಸೋಕಾಗಲ್ಲ. ಆಮೇಲೆ ಎಲ್ಲಾ ಕಕ್ಕಿಬಿಡ್ತೀನಿ. ಮಾರನೇ ದಿನ ಉಪವಾಸ. ತುಂಬಾ ದಿನದಿಂದ ಹೀಗೇ."

"ಸುಳ್ಳು! ನಾನೇ ಬಡಿಸ್ತೀನಿ, ಬಟ್ಟಲು ಖಾಲಿ ಮಾಡ್ತೀಯ."

"ಖಾಲಿ ಮಾಡಿದ್ಮೇಲೆ ಬಚ್ಚಲಲ್ಲಿ ನಲ್ಲಿ ಬಿಡ್ತಿದ್ದೆ. ನಿಂಗೆ ಶಬ್ದ ಕೇಳ್ಬಾರ್ದು ಅಂತ."

ನೀರು ಪೋಲು ಮಾಡುತ್ತೀಯ ಎಂದು ಬೊಕ್‌ಹೀ ಎಷ್ಟೋ ಸಲ ಆ ಬಾಗಿಲು ಬಡಿದಿದ್ದಳು. ಯಂಗ್‌ನಿಮ್ ನಡುವೆ ಬಾಯಿ ಹಾಕಿದಳು. "ಇದೂ ಒಂದು ಕಾಯಿಲೆನಾ? ನಾಲ್ಕು ಬೈದ್ರೆ ಸರಿಹೋಗತ್ತೆ."

"ಅವಳನ್ನ ಅವಳೇ ಬೇಕಾದಷ್ಟು ಬೈಕೊಂಡಿದ್ದಾಳೆ," ಎಂದಳು ಸೊನ್‌ಹ್ವಾ. "ನಾವು ಬೈದಷ್ಟೂ ಗುಟ್ಟು ಹೆಚ್ಚಾಗತ್ತೆ. ಇದು ಹಟ ಅಲ್ಲ, ಜಂಬ ಅಲ್ಲ, ಕಾಯಿಲೆ. ಸಣ್ಣಗಿರೋರಿಗೆ ಮಾತ್ರ ಅಲ್ಲ, ದಪ್ಪ ಇರೋರಿಗೂ ಬರತ್ತೆ, ಗಂಡಸರಿಗೂ ಬರತ್ತೆ. ಪದೇ ಪದೇ ವಾಂತಿ ಮಾಡಿದ್ರೆ ಹಲ್ಲು ಸವೆಯತ್ತೆ. ರಕ್ತದಲ್ಲಿ ಪೊಟ್ಯಾಸಿಯಂ ಇಳಿದು ಹೃದಯದ ಬಡಿತಾನೇ ತಪ್ಪಬಹುದು."

"ಹಾಗಿದ್ರೆ ಫೋನು ಯಾಕೆ ಕಿತ್ಕೊಂಡಿದೀರ? ಗುಬ್ಬಿ ಅಂತ ಯಾಕೆ ಹೆಸ್ರು?" ಬೊಕ್‌ಹೀಗೆ ಇನ್ನೂ ನಂಬಿಕೆ ಬಂದಿರಲಿಲ್ಲ.

"ಕೈಲಿ ಫೋನಿದ್ರೆ ಪ್ರತಿ ತುತ್ತಿನ ಕ್ಯಾಲೊರಿ ಹುಡುಕ್ತಾ ಕೂರ್ತಾರೆ. ಹೆಸ್ರು ಅವರವರೇ ಇಟ್ಕೊಳ್ಳೋದು. ಊರಲ್ಲಿ ಎಲ್ರೂ ಪರಿಚಯದವರು, ನಾಚಿಕೆ ಆಗತ್ತಲ್ಲ."

"ನಂಗೆ ಹೇಳ್ಬೇಡ ಅಂತ ಕಲಿಸಿದ್ದು ಯಾರು?"

"ಯಾರೂ ಕಲಿಸಿಲ್ಲ," ಎಂದಳು ಇಸುಲ್. "ಇವರು ಪ್ರತಿ ವಾರಾನೂ ಅಮ್ಮಂಗೆ ಹೇಳು ಅಂತಾರೆ. ನಾನೇ ಹೆದರ್ಕೊಂಡಿದ್ದೆ. ಇಲ್ಲಿಂದ ಬಿಡಿಸ್ಬೇಡಮ್ಮ. ಉಂಡಿದ್ದನ್ನ ಹೊಟ್ಟೇಲಿ ಉಳಿಸ್ಕೊಳ್ಳೋದು ಈ ಮೇಜಿನ ಮುಂದೆ ಮಾತ್ರ."

ಬೊಕ್‌ಹೀ ಡಬ್ಬಿಯನ್ನು ನೋಡಿದಳು. ಮನೆಯಲ್ಲಿ ಉಂಡರೂ ಹೊಟ್ಟೆಯಲ್ಲಿ ನಿಲ್ಲದ ತಾವರೆ ಬೇರನ್ನು ಮಗಳು ತಾನಾಗಿ ಇಲ್ಲಿಗೆ ತಂದಿದ್ದಳು.

"ಊಟ ಮುಗಿಸು," ಎಂದಳು ಕೊನೆಗೆ. "ಹೊರಗೆ ಕೂತಿರ್ತೀನಿ. ಬಾಗಿಲು ಮಾತ್ರ ತೆಗೆದೇ ಇರ್ಲಿ. ಆಸ್ಪತ್ರೆ ಡಾಕ್ಟರ ಹತ್ರಾನೂ ನಾನೇ ಹೋಗಿ ವಿಚಾರಿಸ್ತೀನಿ."

"ವಿಚಾರಿಸಿ. ಅನುಮಾನ ಇದ್ರೆ ಕೇಳಲೇಬೇಕು," ಎಂದಳು ಸೊನ್‌ಹ್ವಾ. "ಮನೆಯವರಿಂದ ದೂರ ಇರು ಅನ್ನೋರನ್ನ, ಡಾಕ್ಟರ್ ಬೇಡ ಅನ್ನೋರನ್ನ ನಂಬಬೇಡಿ. ನಾವು ಎರಡನ್ನೂ ಹೇಳಲ್ಲ."

ಬೊಕ್‌ಹೀ ಹೇಳಿದಂತೆ ಮಗಳ ಜೊತೆ ಆಸ್ಪತ್ರೆಗೆ ಹೋದಳು. ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿದರು, ಹೃದಯದ ಬಡಿತ ನೋಡಿದರು. ಆಪ್ತ ಸಮಾಲೋಚನೆ, ಹೊತ್ತು ಹೊತ್ತಿಗೆ ಊಟ, ಬೇಕಿದ್ದರೆ ಔಷಧಿ, ಮನೆಯವರ ಸಹಕಾರ ಎಲ್ಲವೂ ಬೇಕು ಎಂದರು. ತಿಂಗಳುಗಳು ಹಿಡಿಯಬಹುದು, ವರ್ಷಗಳೂ ಹಿಡಿಯಬಹುದು. ನಡುವೆ ಜಾರಬಹುದು. ಆದರೂ ಗುಣವಾಗುವವರು ಬಹಳ ಜನ ಎಂದರು.

"ನಾನೇನು ಮಾಡ್ಲಿ?" ಎಂದು ಬೊಕ್‌ಹೀ ಸೊನ್‌ಹ್ವಾಳನ್ನು ಕೇಳಿದಳು.

"ಉಂಡ ಮೇಲಿನ ಹೊತ್ತು ಅವಳಿಗೆ ಬಹಳ ಕಷ್ಟ. ಜೊತೆಗೆ ಕೂತ್ಕೊಳ್ಳಿ. ತೂಕದ ಮಾತು, ಮುಖದ ಮಾತು ಬೇಡ. ಹೊಗಳಿಕೆನೂ ಬೇಡ."

ಅಂಗಡಿಗೆ ಮೊಳಕೆಕಾಳಿನ ಬೇರಿನ ಬಾಲ ಚಿವುಟುವ ಕೆಲಸ ಯಾವಾಗಲೂ ಇರುತ್ತಿತ್ತು. ಊಟವಾದ ಮೇಲೆ ತಾಯಿ ಮಗಳು ಬುಟ್ಟಿಯ ಆಚೆ ಈಚೆ ಕೂತು ಬಾಲ ಚಿವುಟತೊಡಗಿದರು. ಕೆಲವೊಮ್ಮೆ ಯಂಗ್‌ನಿಮ್ ಕೂಡ ಬಂದು ಕೂರುವಳು.

"ಇಸುಲ್, ಮುಖ ಈಗ..." ಎಂದು ಶುರು ಮಾಡಿದವಳು ತಾನೇ ನಾಲಿಗೆ ಕಚ್ಚಿಕೊಂಡಳು. "ಈಗ ಮೊಳಕೆ ತುಂಬಾ ಉದ್ದ ಬರ್ತಿದೆ ಅಲ್ವಾ?"

ಇಸುಲ್ ನಕ್ಕಳು.

ಒಂದು ಮಧ್ಯಾಹ್ನ ಬಚ್ಚಲಲ್ಲಿ ಮತ್ತೆ ನಲ್ಲಿಯ ಸದ್ದು ಜೋರಾಯಿತು. ಬೊಕ್‌ಹೀ ಬಾಗಿಲ ಮುಂದೆ ಹೋಗಿ ನಿಂತಳು. ಬಡಿಯಲು ಎತ್ತಿದ ಕೈ ಇಳಿಸಿದಳು.

"ಇಸುಲ್, ನಾನು ಇಲ್ಲೇ ಇದೀನಿ. ಮೊಳಕೆ ಬುಟ್ಟೀನೂ ಇಲ್ಲೇ ಇದೆ. ನಾಳೆ ಡಾಕ್ಟರಿಗೆ ಇಬ್ರೂ ಸೇರಿ ಹೇಳೋಣ."

ಸ್ವಲ್ಪ ಹೊತ್ತು ನೀರು ಹರಿಯುತ್ತಲೇ ಇತ್ತು. ಆಮೇಲೆ ನಲ್ಲಿ ನಿಂತಿತು. ಬಾಗಿಲು ತೆರೆಯಿತು. ಇಸುಲ್ ಬಂದು ಬುಟ್ಟಿಯನ್ನು ತನ್ನ ಕಡೆಗೆ ಎಳೆದುಕೊಂಡಳು.

ಓದುಗರೇ, ನಿಮ್ಮ ಮನೆಯಲ್ಲಿ ಯಾರಾದರೂ ಉಂಡ ಕೂಡಲೇ ಬಚ್ಚಲಿಗೆ ಹೋಗುತ್ತಿದ್ದರೆ, ಗುಟ್ಟಾಗಿ ತಿನ್ನುತ್ತಿದ್ದರೆ, ದಿನಗಟ್ಟಲೆ ಊಟ ತಪ್ಪಿಸುತ್ತಿದ್ದರೆ, ಅವರ ಮೇಲೆ ಪತ್ತೇದಾರಿಕೆ ಬೇಡ. ಪಕ್ಕದಲ್ಲಿ ಕೂತು ಮೆತ್ತಗೆ ಕೇಳಿ. ತಲೆಸುತ್ತಿ ಬಿದ್ದರೆ, ಎದೆ ಡವಗುಟ್ಟಿದರೆ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ. ಯಾರನ್ನು ಕೇಳುವುದೆಂದು ತಿಳಿಯದಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಆ ಕಷ್ಟದಲ್ಲಿ ಇರುವವರು ನೀವೇ ಆಗಿದ್ದರೆ, ಇಂದು ಒಬ್ಬರಿಗಾದರೂ ಹೇಳಿ. ನಲ್ಲಿ ನಿಲ್ಲಿಸಿ, ಬಾಗಿಲು ತೆರೆಯಿರಿ.