ಮೇಷ್ಟ್ರು ತಪ್ಪಿದ ಹೆಸರು

ಸತ್ತವರ ಬಗ್ಗೆ ಮಾತಾಡುವುದು ಫ್ರಾವ್ಕೆಗೆ ಎಂದೂ ಕಷ್ಟವಾಗಲಿಲ್ಲ. ಕಷ್ಟವಾದದ್ದು ತನ್ನ ಬಗ್ಗೆ ತಾನೇ ನಾಲ್ಕು ಸಾಲು ಬರೆದುಕೊಳ್ಳುವುದು. ನಲವತ್ತೊಂದನೆಯ ವಯಸ್ಸಿನಲ್ಲಿ ಗ್ರೊನಿಂಗೆನ್ ನಗರದ ಗ್ರಂಥಾಲಯದ ಕೆಲಸ ಬಿಟ್ಟು, ಶವಸಂಸ್ಕಾರಗಳಲ್ಲಿ ಮಾತಾಡುವ ಸ್ವಂತ ಉದ್ಯೋಗ ಹಿಡಿದಿದ್ದಳು. ಸಮುದ್ರದ ಒಡ್ಡಿನ ಹಿಂದಿರುವ ಆ ಸೀಮೆಯ ಹಳ್ಳಿಗಳಲ್ಲಿ ಚರ್ಚಿಗೆ ಹೋಗುವುದನ್ನು ಜನ ಎಂದೋ ಬಿಟ್ಟಿದ್ದರು, ಸಾಯುವುದನ್ನಂತೂ ಬಿಟ್ಟಿರಲಿಲ್ಲ. ಪಾದ್ರಿ ಇಲ್ಲದ ಮೇಲೆ ಶವಪೆಟ್ಟಿಗೆಯ ಪಕ್ಕ ನಿಂತು, ಹೋದವರ ಬದುಕನ್ನು ಇಪ್ಪತ್ತು ನಿಮಿಷದಲ್ಲಿ ಹೇಳಲು ಯಾರಾದರೂ ಬೇಕಲ್ಲ. ಅದು ತಾನಾಗಬೇಕೆಂದು ಅವಳ ಆಸೆ.

ವೆಬ್‌ಸೈಟ್ ಮಾಡಿಸಿದಳು. ‘ನನ್ನ ಬಗ್ಗೆ’ ಎಂಬ ಪುಟದಲ್ಲಿ ಓದಿದ್ದು, ಪಡೆದ ಪ್ರಮಾಣಪತ್ರ, ಗ್ರಂಥಾಲಯದ ಹದಿನಾರು ವರ್ಷ ಎಲ್ಲವನ್ನೂ ಸಾಲಾಗಿ ಹಾಕಿದಳು. ನಾಲ್ಕು ತಿಂಗಳು ಕಳೆದರೂ ಒಂದು ಫೋನು ಬರಲಿಲ್ಲ. ಕೊನೆಗೆ ಸ್ವಂತ ಉದ್ಯೋಗದವರಿಗೆ ನಡೆಯುವ ಒಂದು ತರಬೇತಿಗೆ ಸೇರಿದಳು. ಅಲ್ಲಿ ಪಾಠ ಹೇಳುವ ಹೆಂಗಸು ಅವಳ ಪುಟವನ್ನು ಎಲ್ಲರೆದುರು ಗೋಡೆಯ ಮೇಲೆ ದೊಡ್ಡದಾಗಿ ತೋರಿಸಿ, “ಇದನ್ನ ಓದಿದ ಮೇಲೆ ನಮ್ಮನೆ ನಾಯಿ ಸತ್ತರೂ ನಿಮ್ಮನ್ನ ಕರೆಯಲ್ಲ ನಾನು,” ಎಂದಳು. ಆ ಸೀಮೆಯವರ ಬಾಯೇ ಹಾಗೆ, ಮುಖಕ್ಕೆ ಹೊಡೆದ ಹಾಗೆ ಹೇಳಿಬಿಡುತ್ತಾರೆ, ತಮ್ಮ ಮನಸ್ಸಿನ ನೋವೊಂದನ್ನು ಬಿಟ್ಟು. ಆಮೇಲೆ ಅವಳು ಹೇಳಿಕೊಟ್ಟದ್ದು ಇಷ್ಟೇ. ದುಃಖದಲ್ಲಿರುವವರು ಪ್ರಮಾಣಪತ್ರ ನೋಡುವುದಿಲ್ಲ. ಈ ಕೆಲಸಕ್ಕೆ ಯಾಕೆ ಬಂದಿರಿ, ಎಲ್ಲಿ ಪೆಟ್ಟು ತಿಂದಿರಿ, ಅದನ್ನು ಹೇಳಿ. ನಿಜವಾಗಿ ನಡೆದ ಒಂದು ಘಟನೆ ಸಾಕು, ನಂಬಿಕೆ ತಾನಾಗಿ ಬರುತ್ತದೆ.

ಅಂಥದೊಂದು ಫ್ರಾವ್ಕೆಯ ಬಳಿ ಇತ್ತು. ಮೂರು ವರ್ಷದ ಹಿಂದೆ ಅವಳ ತಮ್ಮ ಮನ್ನೊ ಮಂಜು ಕವಿದ ಒಂದು ಬೆಳಿಗ್ಗೆ ಒಡ್ಡಿನ ರಸ್ತೆಯಲ್ಲಿ ಬೈಕಿನ ಸಮೇತ ಕಾಲುವೆಗೆ ಬಿದ್ದು ಸತ್ತಿದ್ದ. ಅವತ್ತು ಪೆಟ್ಟಿಗೆಯ ಪಕ್ಕ ನಿಂತು ಮಾತಾಡಿದವರು ಎಪ್ಪೊ ಮೇಷ್ಟ್ರು. ಶಾಲೆಯಿಂದ ನಿವೃತ್ತರಾದ ಮೇಲೆ ಸುತ್ತಲಿನ ಮೂರು ಹಳ್ಳಿಯಲ್ಲಿ ಆ ಕೆಲಸ ಮಾಡುತ್ತಿದ್ದವರು ಅವರೊಬ್ಬರೇ. ಅಲ್ಲಿನವರಿಗೆಲ್ಲ ಎರಡು ಹೆಸರು, ಕಾಗದದಲ್ಲಿ ಅಜ್ಜಂದಿರ ಉದ್ದನೆಯ ಹೆಸರು, ಬಾಯಲ್ಲಿ ಕರೆಯುವ ಗಿಡ್ಡ ಹೆಸರು. ಮನ್ನೊನ ಕಾಗದದ ಹೆಸರು ಹರ್ಮಾನ್ನುಸ್. ಅದನ್ನು ಅವನ ಗೆಳೆಯರಾಗಲಿ, ಜೊತೆಗೆ ದುಡಿದವರಾಗಲಿ, ಅವನು ಮದುವೆಯಾಗಬೇಕಿದ್ದ ಹುಡುಗಿಯಾಗಲಿ ಒಮ್ಮೆಯೂ ಕೇಳಿರಲಿಲ್ಲ. ಮೇಷ್ಟ್ರು ಮಾತ್ರ ಮೊದಲಿನಿಂದ ಕೊನೆಯವರೆಗೂ ಹರ್ಮಾನ್ನುಸ್ ಹೀಗಿದ್ದ, ಹರ್ಮಾನ್ನುಸ್ ಹಾಗೆ ನಗುತ್ತಿದ್ದ ಎಂದೇ ಹೇಳಿದರು. ಹಿಂದಿನ ಸಾಲಿನಲ್ಲಿ ಹುಡುಗರು ಮುಖಮುಖ ನೋಡಿಕೊಂಡರು. ಮನ್ನೊನ ಹುಡುಗಿ ಎದ್ದು ಹೊರಗೆ ಹೋದಳು. ಆಮೇಲೆ ಕಾಫಿ, ಕೇಕು ಹಿಡಿದು ನಿಂತವರೆಲ್ಲ ಒಂದೇ ಮಾತು ಹೇಳಿದರು: ಕಾಗದ ನೋಡಿ ಓದಿಬಿಟ್ಟಿದ್ದಾರೆ, ವಯಸ್ಸಾಯಿತಲ್ಲ ಪಾಪ. ಫ್ರಾವ್ಕೆಗೆ ಪಾಪ ಅನ್ನಿಸಲಿಲ್ಲ. ತಮ್ಮ ಎರಡು ಸಲ ಸತ್ತ ಹಾಗಾಯಿತು ಅವಳಿಗೆ. ಈ ಕೆಲಸಕ್ಕೆ ಬರಬೇಕೆಂದು ಅವಳು ತೀರ್ಮಾನಿಸಿದ್ದೂ ಅವತ್ತೇ.

ಅದನ್ನೇ ಬರೆದಳು. ಒಂದೇ ಪಟ್ಟಿಗೆ ಕೂತು, ಅಳುತ್ತ ಬರೆದಳು. ‘ನನ್ನ ತಮ್ಮ ಸತ್ತಾಗ ಅವನಿಗೆ ಮೂವತ್ತನಾಲ್ಕು. ಅವನು ಮನ್ನೊ. ಅವತ್ತು ಮಾತಾಡಿದವರು ಹರ್ಮಾನ್ನುಸ್ ಎಂಬ ಯಾರದೋ ಬಗ್ಗೆ ಮಾತಾಡಿದರು. ಆ ಹರ್ಮಾನ್ನುಸ್‌ನನ್ನು ಅಲ್ಲಿದ್ದ ಯಾರೂ ಕಂಡವರಲ್ಲ. ನನ್ನ ತಮ್ಮನನ್ನು ಅಪರಿಚಿತನನ್ನಾಗಿ ಮಾಡಿ ಕಳಿಸಿಕೊಟ್ಟರು. ನಿಮ್ಮವರಿಗೆ ಹಾಗಾಗಬಾರದು. ಅದಕ್ಕೇ ನಾನು ಈ ಕೆಲಸಕ್ಕೆ ಬಂದೆ.’ ಪ್ರಮಾಣಪತ್ರಗಳನ್ನೆಲ್ಲ ಅಳಿಸಿ ಇದೊಂದನ್ನೇ ಇಟ್ಟಳು. ಹತ್ತು ದಿನಕ್ಕೆ ಮೊದಲ ಫೋನು ಬಂತು. ಗಂಡನನ್ನು ಕಳೆದುಕೊಂಡ ಹೆಂಗಸು, “ನಿಮ್ಮ ತಮ್ಮನ ವಿಷಯ ಓದಿದೆ, ನೀವೇ ಬನ್ನಿ,” ಎಂದು ಅತ್ತಳು. ಅಲ್ಲಿಂದ ಮುಂದೆ ಫ್ರಾವ್ಕೆಗೆ ಬಿಡುವಿರಲಿಲ್ಲ. ಅವಳ ಪುಟವನ್ನು ತರಬೇತಿಯಲ್ಲಿ ಮಾದರಿ ಎಂದು ತೋರಿಸುತ್ತಾರಂತೆ ಎಂಬ ಸುದ್ದಿಯೂ ಬಂತು.

ಬರೆಯುವ ಮೊದಲು ತಾಯಿ ಟ್ರೀನ್‌ಳನ್ನು ಒಂದು ಮಾತು ಕೇಳಲಿಲ್ಲ. ಕೇಳುವ ರೂಢಿಯೇ ಆ ಮನೆಯಲ್ಲಿರಲಿಲ್ಲ. ಮನ್ನೊ ಹೋದ ಮೇಲೆ ತಾಯಿ ಮಗಳು ಹವಾಮಾನ, ಹಲ್ಲುನೋವು, ಪಕ್ಕದ ಮನೆಯವರ ಬೇಲಿ ಎಲ್ಲದರ ಬಗ್ಗೆಯೂ ಮಾತಾಡಿದ್ದರು, ಅವತ್ತಿನ ದಿನದ ಬಗ್ಗೆ ಮಾತ್ರ ಇಲ್ಲ. ಮೇಷ್ಟ್ರ ಹೆಸರನ್ನೂ ಫ್ರಾವ್ಕೆ ಪುಟದಲ್ಲಿ ಹಾಕಿರಲಿಲ್ಲ. ಯಾರೆಂದು ಬರೆದಿಲ್ಲವಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದಳು. ಮೂರು ಹಳ್ಳಿಗೆ ಒಬ್ಬರೇ ಮಾತುಗಾರರಿದ್ದ ಮೇಲೆ ಹೆಸರು ಬೇರೆ ಬೇಕೆ! ಆರು ತಿಂಗಳಲ್ಲಿ ಮೇಷ್ಟ್ರನ್ನು ಕರೆಯುವವರು ಇಲ್ಲವಾದರು. ಒಂದು ಸಲ ಅಂಗಡಿಯಲ್ಲಿ ಆಲೂಗಡ್ಡೆ ಆರಿಸುತ್ತಿದ್ದವರು ಅವಳನ್ನು ಕಂಡು ಟೋಪಿ ಎತ್ತಿ, ಕೆಲಸ ಹೇಗೆ ನಡೆದಿದೆ ಎಂದು ಕೇಳಿದ್ದರು. ಹೊಟ್ಟೆಕಿಚ್ಚಿಗೆ ಕೇಳುತ್ತಿದ್ದಾರೆ ಎಂದುಕೊಂಡು ಅವಳು, ಚೆನ್ನಾಗಿದೆ ಎಂದಷ್ಟೇ ಹೇಳಿ ಮುಂದೆ ಹೋಗಿದ್ದಳು.

ಪುಟ ಬರೆದು ಎರಡು ವರ್ಷವಾದ ಮೇಲೆ, ಮಾರ್ಚ್ ತಿಂಗಳ ಒಂದು ಬುಧವಾರ, ಅವಳು ತಾಯಿಯ ಮನೆಗೆ ಹೋದಾಗ ಮೇಜಿನ ಮೇಲೆ ಬೂದು ಅಂಚಿನ ಲಕೋಟೆ ಬಿದ್ದಿತ್ತು. ಅಂಥ ಲಕೋಟೆಯಲ್ಲಿ ಬರುವುದು ಸಾವಿನ ಕಾರ್ಡೇ. ಮೇಷ್ಟ್ರು ಹೋದರು ಎಂದಳು ಟ್ರೀನ್. ಫ್ರಾವ್ಕೆ ಕಾರ್ಡು ತೆಗೆದು ನೋಡಿದಳು. ಶನಿವಾರ ಹನ್ನೊಂದಕ್ಕೆ, ಮೃತರ ಇಚ್ಛೆಯಂತೆ ಯಾರೂ ಮಾತಾಡುವುದಿಲ್ಲ ಎಂದಿತ್ತು.

“ಒಳ್ಳೇದೇ ಆಯ್ತು ಬಿಡು,” ಎಂದಳು ಫ್ರಾವ್ಕೆ. “ಮಾತೇ ಇಲ್ಲ ಅಂದ್ರೆ ತಪ್ಪೋದೂ ಇಲ್ಲ.”

ಟ್ರೀನ್ ಕಪ್ಪನ್ನು ಕೆಳಗಿಟ್ಟಳು. ಎಪ್ಪತ್ತನಾಲ್ಕು ವರ್ಷದ ಆ ಹೆಂಗಸು ಮಗಳ ಕೈಯಿಂದ ಕಾರ್ಡು ತೆಗೆದುಕೊಂಡು ಲಕೋಟೆಗೆ ಹಾಕಿದಳು.

“ಅವರು ತಪ್ಪಲಿಲ್ಲ ಕಣೇ. ನಾನೇ ಹಾಗೆ ಹೇಳಿ ಅಂದಿದ್ದೆ.”

ಉಳಿದದ್ದನ್ನು ಅವಳು ಕಿಟಕಿಯ ಕಡೆ ನೋಡುತ್ತ, ನಿಲ್ಲಿಸಿ ನಿಲ್ಲಿಸಿ ಹೇಳಿದಳು. ಹರ್ಮಾನ್ನುಸ್ ಅವಳ ಅಪ್ಪನ ಹೆಸರು. ಅವಳಿಗೆ ಎಂಟು ವರ್ಷವಿದ್ದಾಗ ಮೀನು ಹಿಡಿಯಲು ಹೋದವನ ದೋಣಿ ಬಂತು, ಅವನು ಬರಲಿಲ್ಲ. ಹೆಣ ಸಿಗಲಿಲ್ಲವಾದ್ದರಿಂದ ಮಣ್ಣು ಮಾಡುವುದೂ ಆಗಲಿಲ್ಲ, ಅವನ ಹೆಸರನ್ನು ಹೇಳಿ ಯಾರೂ ನಾಲ್ಕು ಮಾತಾಡಲೂ ಇಲ್ಲ. ಟ್ರೀನ್‌ಳ ಅಮ್ಮ, ಆ ಹೆಸರನ್ನೇ ಮನೆಯಲ್ಲಿ ಎತ್ತಕೂಡದು ಎಂದಳು. ಗಂಡುಮಗು ಹುಟ್ಟಿದಾಗ ಟ್ರೀನ್ ಹಟ ಹಿಡಿದು ಅದೇ ಹೆಸರಿಟ್ಟಳು. ನಾಲ್ಕು ವರ್ಷಕ್ಕೆ ಬೀದಿಯ ಮಕ್ಕಳು ಅದನ್ನು ತುಂಡು ಮಾಡಿ ಮನ್ನೊ ಮಾಡಿದರು. ಅವಳೂ ಹಾಗೇ ಕರೆದಳು, ಏನು ಮಾಡುವುದು. ಮಗ ಸತ್ತ ಮೇಲೆ ಮೇಷ್ಟ್ರು ಮನೆಗೆ ಬಂದು, ಏನು ಹೇಳಲಿ ಟ್ರೀನ್ ಎಂದು ಕೇಳಿದರು. ಬೇರೆ ಏನಾದರೂ ಹೇಳಿ, ಹೆಸರು ಮಾತ್ರ ಪೂರ್ತಿ ಹೇಳಿ ಎಂದಳು. ಅಪ್ಪನನ್ನೂ ಮಗನನ್ನೂ ಒಟ್ಟಿಗೆ ಕಳಿಸಿಕೊಡಬೇಕೆಂದು ಅವಳಿಗೆ ಆಸೆಯಾಗಿತ್ತು. ಜನ ನನಗೆ ಅರಳುಮರಳು ಅಂದುಕೊಳ್ಳುತ್ತಾರೆ, ಕಾರಣ ಹೇಳಿಬಿಡಲೇ ಎಂದರಂತೆ ಮೇಷ್ಟ್ರು. ಬೇಡ, ಯಾರಿಗೂ ಹೇಳಬೇಡಿ ಎಂದಿದ್ದಳು ಟ್ರೀನ್. ಹೇಳುವುದಿಲ್ಲ ಎಂದು ಅವರು ಮಾತು ಕೊಟ್ಟಿದ್ದರು.

ಶಾಲೆಯಲ್ಲಿ ‘ಮನ್ನೊ, ಕಿಟಕಿಯಿಂದ ಇಳಿ’, ‘ಮನ್ನೊ, ಬಾಯಿ ಮುಚ್ಚು’ ಎಂದು ದಿನಕ್ಕೆ ಹತ್ತು ಸಲ ಕೂಗಿದವರು ಅವನ ಹೆಸರನ್ನು ಮರೆತರೆಂದು ತಾನು ಹೇಗೆ ನಂಬಿದೆ? ಫ್ರಾವ್ಕೆಗೆ ತನ್ನ ಮೇಲೇ ಹೇಸಿಗೆಯಾಯಿತು.

“ಎರಡು ವರ್ಷ ನನ್ನ ಪುಟ ಎಲ್ಲರೂ ಓದಿದರಲ್ಲಮ್ಮ. ನೀನೂ ಓದಿದೆ ತಾನೆ? ಒಂದು ಮಾತು ಹೇಳೋಕೇನಾಗಿತ್ತು?”

“ಓದಿದೆ,” ಎಂದಳು ಟ್ರೀನ್. “ಅವನು ಹೋದ ಮೇಲೆ ನೀನು ಅನ್ನ ನೀರು ಸೇರದೆ ಕಡ್ಡಿಯಾಗಿದ್ದೆ. ಈ ಕೆಲಸ ಬಂದ ಮೇಲೆ ನಕ್ಕಿದ್ದು ಕಂಡೆ. ಅದನ್ನ ಹೇಗೆ ಕಿತ್ತುಕೊಳ್ಳಲಿ? ಮೇಷ್ಟ್ರ ಹತ್ತಿರ ಹೋದೆ. ನಾನು ಮಗಳಿಗೆ ಹೇಳಿಬಿಡ್ತೀನಿ ಅಂದೆ. ಬೇಡ ಬಿಡು ಟ್ರೀನ್, ನನಗೂ ಸಾಕಾಗಿದೆ, ಚಿಕ್ಕವಳು ಬೆಳೀಲಿ ಅಂದರು. ನಾನೂ ಸುಮ್ಮನಾದೆ. ಸುಮ್ಮನಾಗಬಾರದಿತ್ತು.”

ಫ್ರಾವ್ಕೆ ಅಲ್ಲೇ ಫೋನು ತೆಗೆದು ತನ್ನ ಪುಟ ಬಿಚ್ಚಿದಳು. ಬರೀ ಅಳಿಸಿದರೆ ಸಾಲದು. ಅಳಿಸಿದ್ದು ಯಾರಿಗೂ ಕಾಣುವುದಿಲ್ಲ, ಜನರ ತಲೆಯಲ್ಲಿ ಕುಳಿತದ್ದು ಹಾಗೇ ಉಳಿಯುತ್ತದೆ. ಮೇಷ್ಟ್ರು ತಪ್ಪಲಿಲ್ಲ ಎಂದು ಅದೇ ಜಾಗದಲ್ಲಿ ಬರೆಯಬೇಕು. ಬರೆದರೆ, ಹಾಗಾದರೆ ಯಾರು ಹೇಳಿಸಿದ್ದು ಎಂದು ಕೇಳುತ್ತಾರೆ. ಆಗ ತಾಯಿ ಅರವತ್ತಾರು ವರ್ಷ ಬಾಯಿಬಿಡದೆ ಇಟ್ಟುಕೊಂಡದ್ದನ್ನು ಊರ ಬಾಯಿಗೆ ಹಾಕಬೇಕು. ಬರೆಯಲಾ ಎಂದು ಕೇಳಿದಳು. ಟ್ರೀನ್ ಕಪ್ಪನ್ನು ತೊಳೆಯಲು ಎತ್ತಿಕೊಂಡು, “ನಾನು ಸತ್ತ ಮೇಲೆ ಬರಿ,” ಎಂದಳು. ಫ್ರಾವ್ಕೆ ತಮ್ಮನ ವಿಷಯವನ್ನು ಪುಟದಿಂದ ಅಳಿಸಿ, ಹೆಸರು, ಫೋನು ನಂಬರು ಇಷ್ಟನ್ನೇ ಉಳಿಸಿದಳು. ತಾಯಿಯ ಮಾತು ಮೀರುವ ಧೈರ್ಯ ಅವಳಿಗಾಗಲಿಲ್ಲ, ಮೇಷ್ಟ್ರಿಗೆ ಮಾಡಿದ ಅನ್ಯಾಯ ಹಾಗೇ ನಿಂತಿತು.

ಶನಿವಾರ ಇಬ್ಬರೂ ಹೋದರು. ಟ್ರೀನ್ ಮೊದಲು ಬರುವುದಿಲ್ಲ ಎಂದವಳು ಬೆಳಿಗ್ಗೆ ಕಪ್ಪು ಕೋಟು ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಅಲ್ಲಿ ಏನೂ ಮಾತೆತ್ತಬೇಡ ಎಂದು ಕಾರಿನಲ್ಲಿ ಎರಡು ಸಲ ಹೇಳಿದಳು. ಸಭಾಭವನ ತುಂಬಿತ್ತು. ಮೂರು ಹಾಡು ಕೇಳಿಸಿದರು, ಹಾಡುಗಳ ನಡುವೆ ಯಾರೂ ಏಳಲಿಲ್ಲ. ನಾನೂರು ಜನರ ಸಾವಿನಲ್ಲಿ ಮಾತಾಡಿದವರ ಸಾವು ಕೆಮ್ಮು, ಕುರ್ಚಿಯ ಸದ್ದಿನಲ್ಲೇ ಮುಗಿಯಿತು. ಇನ್ನೊಬ್ಬರ ಬಗ್ಗೆ ಅಷ್ಟೆಲ್ಲ ಹೇಳಲು ಬರುವ ತನಗೆ ಇವತ್ತು ಬಾಯಿ ತೆರೆಯುವ ಹಕ್ಕಿಲ್ಲವಲ್ಲ ಎಂದು ಫ್ರಾವ್ಕೆ ಕಣ್ಣೀರು ಹಾಕಿದಳು.

ಆಮೇಲೆ ಎಲ್ಲರೂ ಸಾಲಾಗಿ ಹೋಗಿ ಮೇಷ್ಟ್ರ ಹೆಂಡತಿ ಹಿಲ್ಲೆಯ ಕೈ ಕುಲುಕಬೇಕಿತ್ತು. ಹಿಲ್ಲೆ ಗಿಡ್ಡನೆಯ, ಚುರುಕು ಬಾಯಿಯ ಹೆಂಗಸು. ಅವತ್ತೂ ಒಬ್ಬೊಬ್ಬರಿಗೆ ಒಂದೊಂದು ಮಾತು ಹೇಳುತ್ತ ನಿಂತಿದ್ದಳು. ಫ್ರಾವ್ಕೆಯ ಸರದಿ ಬಂದಾಗ ಕೈ ಹಿಡಿದವಳು ಬಿಡಲಿಲ್ಲ.

“ನಿನ್ನ ಪುಟ ನನಗೆ ಓದಿ ಹೇಳಿದ್ದು ಅವರೇ. ಚೆನ್ನಾಗಿ ಬರೆದಿದ್ದಾಳೆ, ಈ ಕೆಲಸ ಅವಳಿಗೆ ಒಗ್ಗುತ್ತೆ ಅಂದರು,” ಎಂದಳು. ಫ್ರಾವ್ಕೆಗೆ ತಲೆ ಎತ್ತಲಾಗಲಿಲ್ಲ. “ಒಂದು ಕೇಳ್ತೀನಿ, ಹೇಳಿಬಿಡು. ನಲವತ್ತೇಳು ವರ್ಷ ಸಂಸಾರ ಮಾಡಿದೀವಿ. ಎಲ್ಲಾ ಹೇಳೋರು, ಅವತ್ತು ಏನಾಯ್ತು ಅಂದ್ರೆ ಮಾತ್ರ ಬಾಯಿ ಬಿಡಲಿಲ್ಲ. ನಿಜವಾಗಲೂ ಅವರಿಗೆ ಹೆಸರು ಮರೆತುಹೋಗಿತ್ತಾ?”

ಫ್ರಾವ್ಕೆ ತಾಯಿಯ ಕಡೆ ತಿರುಗಲಿಲ್ಲ. ಇಲ್ಲ ಎಂದರೆ ಮುಂದಿನ ಪ್ರಶ್ನೆ ಬರುತ್ತದೆ, ಹೌದು ಎಂದರೆ ಮೇಷ್ಟ್ರನ್ನು ಪೆಟ್ಟಿಗೆಯ ಎದುರೇ ಇನ್ನೊಮ್ಮೆ ಕೊಂದ ಹಾಗೆ. ಹಿಂದೆ ಸಾಲು ನಿಂತುಬಿಟ್ಟಿತ್ತು.

“ಇಲ್ಲ,” ಎಂದಳು ಫ್ರಾವ್ಕೆ. “ಅವರು ತಪ್ಪಲಿಲ್ಲ. ತಪ್ಪು ಬರೆದದ್ದು ನಾನು.”

ಹಿಲ್ಲೆ ಯಾಕೆಂದು ಕೇಳುವಷ್ಟರಲ್ಲಿ ಟ್ರೀನ್ ಮಗಳನ್ನು ಪಕ್ಕಕ್ಕೆ ಸರಿಸಿ ಮುಂದೆ ಬಂದಳು. ಹಿಂದೆ ನಿಂತವರಿಗೂ ಕೇಳುವ ಹಾಗೆ, “ಹೇಳಿಸಿದವಳು ನಾನು ಹಿಲ್ಲೆ. ಅದು ನನ್ನಪ್ಪನ ಹೆಸರು. ಯಾರಿಗೂ ಹೇಳಬೇಡಿ ಅಂತ ಅವರ ಹತ್ತಿರ ಮಾತು ತಗೊಂಡಿದ್ದೆ,” ಎಂದಳು.

ಹಿಲ್ಲೆ ಬೈಯುತ್ತಾಳೆ ಎಂದುಕೊಂಡಳು ಫ್ರಾವ್ಕೆ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಆ ಮುದುಕಿ ಹಿಡಿದ ಕೈ ಬಿಟ್ಟು ಹಿಂದಿದ್ದ ಕುರ್ಚಿಯಲ್ಲಿ ಕುಳಿತಳು.

“ನಾನೂ ನಿನ್ನ ಬರಹವನ್ನೇ ನಂಬಿದೆನಲ್ಲೇ,” ಎಂದಳು ಫ್ರಾವ್ಕೆಗೆ. “ಎರಡು ವರ್ಷ ಅವರನ್ನ ಹಂಗಿಸಿದೆ. ಔಷಧಿ ಮರೆತರೆ, ಬೀಗದ ಕೈ ಮರೆತರೆ, ಸತ್ತವರ ಹೆಸರೇ ಮರೆತೋರು ಇದನ್ನೇನು ನೆನಪಿಟ್ಟುಕೊಳ್ತೀರಿ ಅಂತಿದ್ದೆ. ಆಸ್ಪತ್ರೆಗೆ ಹೋದ ದಿನವೂ ಅಂದೆ.”

ಅವರು ಏನು ಹೇಳುತ್ತಿದ್ದರು ಎಂದು ಟ್ರೀನ್ ಕೇಳಿದಳು.

“ಏನೂ ಇಲ್ಲ. ಹೌದು ಹಿಲ್ಲೆ, ವಯಸ್ಸಾಯ್ತು ಅನ್ನೋರು,” ಎಂದಳು ಹಿಲ್ಲೆ. ಹಿಂದಿನವರು ಕಾಯುತ್ತಿದ್ದರು. ಫ್ರಾವ್ಕೆ ತಾಯಿಯ ತೋಳು ಹಿಡಿದು ಪಕ್ಕಕ್ಕೆ ಸರಿದು ಅವರಿಗೆ ಜಾಗ ಬಿಟ್ಟಳು.