ಹಡಗಿನವರು ಬಂದ ಭಾನುವಾರ

ಹಡಗಿನವರು ಬರುವ ದಿನ ಮಕ್ಕಳ ಮನೆಯಲ್ಲಿ ಮೀನು ಬೇಯಿಸುವ ಹಾಗಿರಲಿಲ್ಲ. ಅದು ಮನೆ ನಡೆಸುವ ಹೆಲನ್ ಬಾಯಿಯ ಕಟ್ಟಳೆ. ವಾಸನೆ ಹಾಲ್‌ವರೆಗೆ ಬರುತ್ತದೆ, ಬಂದವರು ಮೂಗಿಗೆ ಕರ್ಚೀಫು ಹಿಡಿಯುತ್ತಾರೆ ಎಂದು. ಹಾಗಾಗಿ ಆ ಭಾನುವಾರ ಶರ್ಮಿಳಾ ಬೆಳಿಗ್ಗೆಯೇ ಅಲಸಂಡೆ ಹೆಚ್ಚಿಟ್ಟು, ಸಾರಿಗೆ ಬೇಳೆ ಬೇಯಲು ಹಾಕಿದ್ದಳು.

ದೇರೆಬೈಲಿನ ಆ ಮನೆಯಲ್ಲಿ ಇಪ್ಪತ್ತೆರಡು ಹೆಣ್ಣುಮಕ್ಕಳಿದ್ದರು. ಅಡುಗೆಗೆ ಶರ್ಮಿಳಾ ಒಬ್ಬಳೇ. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವಳಿಗೆ ಈಗ ಇಪ್ಪತ್ತಮೂರು ವರ್ಷ. ಹೊರಗಿನವರು ಬಂದರೆ ಹಾಲ್‌ನತ್ತ ತೆರೆಯುವ ಅಡುಗೆಮನೆಯ ಕಿಟಕಿಯ ಸರಳಿನ ಹಿಂದೆ ನಿಂತು ನೋಡುವಳು. ಯಾರಾದರೂ ತಿರುಗಿ ನೋಡಿದರೆ ಪಾತ್ರೆ ತೊಳೆಯತೊಡಗುವಳು. ಹೆಲನ್ ಬಾಯಿಯ ಆಫೀಸಿಗೆ ಚಹಾ ಕೊಡಲು ಹೋದರೂ ಬಾಗಿಲಲ್ಲೇ ನಿಂತು, ಲೋಟ ಇಟ್ಟು, ಒಂದು ಮಾತಿಲ್ಲದೆ ಬರುವಳು.

ಪಣಂಬೂರಿನ ಬಂದರಿಗೆ ಪ್ರವಾಸಿ ಹಡಗು ಬಂತೆಂದರೆ ಬೆಳಿಗ್ಗೆ ಇಳಿದವರು ಸಂಜೆಯೊಳಗೆ ಹತ್ತಿ ಹೋಗಬೇಕು. ಅಷ್ಟರಲ್ಲಿ ರಿಕ್ಷಾದ ಲತೀಶ್ ಅವರಿಗೆ ದೇವಸ್ಥಾನ, ಇಗರ್ಜಿ, ಗೇರುಬೀಜದ ಕಾರ್ಖಾನೆ ಎಲ್ಲ ತೋರಿಸಿ, ಕೊನೆಗೆ ಇಲ್ಲಿಗೆ ಕರೆದುಕೊಂಡು ಬರುತ್ತಿದ್ದ. ಮುಕ್ಕಾಲು ಗಂಟೆ ಇರುತ್ತಿದ್ದರು. ಮಕ್ಕಳು ಹಾಡುತ್ತಿದ್ದರು, ಬಂದವರು ಕಣ್ಣೊರೆಸಿಕೊಳ್ಳುತ್ತಿದ್ದರು. ಕೆಲವರು ಹೋಗುವ ಮೊದಲು ಒಂದು ಮಗುವಿನ ಖರ್ಚು ನೋಡಿಕೊಳ್ಳುತ್ತೇವೆಂದು ಕಾಗದಕ್ಕೆ ಸಹಿ ಹಾಕುತ್ತಿದ್ದರು. ಅಂಥವರಿಂದಲೇ ಮನೆ ನಡೆಯುತ್ತಿತ್ತು.

ಆ ಬೆಳಿಗ್ಗೆ ಹೆಲನ್ ಬಾಯಿ ತಾನಾಗಿಯೇ ಅಡುಗೆಮನೆಗೆ ಬಂದರು.

"ಇವತ್ತು ಯಾರಾದ್ರೂ ಮೋಕ್ಷಾನನ್ನು ಹಿಡ್ಕೊಳ್ಬೇಕು ಮಾರಾಯ್ತಿ. ಅವಳ ಖರ್ಚು ನೋಡ್ಕೊಳ್ತಿದ್ದ ಬೆಲ್ಜಿಯಮ್ಮಿನ ಅಜ್ಜ ತೀರಿಹೋದ್ರಲ್ಲ. ಆರು ತಿಂಗಳಿಂದ ಎಳ್ದುಕೊಂಡು ಬಂದೆ. ಇನ್ನು ಮಾರ್ಚಿಗೆ ಅವಳನ್ನು ವಾಪಸ್ ಕಳಿಸ್ಬೇಕಾಗ್ತದೆ."

ಶರ್ಮಿಳಾ ಚಾಕು ಕೆಳಗಿಟ್ಟಳು.

"ಕೇಳಿದ್ರೆ ಯಾರೂ ಇಲ್ಲ ಅಂತ ಹೇಳ್ಲಿಕ್ಕೆ ಹೇಳು. ಅಪ್ಪ ಇಲ್ಲ ಅಂದ್ರೆ ಅವರು ಪಾಪ ಅಂತಾರೆ. ಯಾರೂ ಇಲ್ಲ ಅಂದ್ರೆ ಪೆನ್ನು ತೆಗೀತಾರೆ. ನಿನ್ನ ಮಾತು ಕೇಳ್ತಾಳಲ್ಲ ಅವಳು."

ಮೋಕ್ಷಾಳಿಗೆ ಏಳು ವರ್ಷ. ಅಪ್ಪ ಬೋಟಿನ ಕೆಲಸದಲ್ಲಿದ್ದವನು, ಜಾಂಡಿಸ್ ಆಗಿ ಹೋಗಿಬಿಟ್ಟಿದ್ದ. ಅಮ್ಮ ವಾರಿಜಾಕ್ಷಿ ಹೊಯ್ಗೆಬಜಾರಿನಲ್ಲಿ ಒಂದು ಬಾಡಿಗೆ ಕೋಣೆಯಲ್ಲಿದ್ದಳು. ಬೋಟುಗಳು ಮೀನು ಇಳಿಸುವ ದಕ್ಕೆಯಲ್ಲಿ ಹರಾಜು ಶುರುವಾಗುವುದು ಇನ್ನೂ ಕತ್ತಲಿರುವಾಗ. ಮೂರು ಗಂಟೆಗೆ ಕೋಣೆಗೆ ಬೀಗ ಹಾಕಿ ಹೊರಟರೆ ಮೀನು ಕೊಂಡು, ಬಸ್ಸು ಹತ್ತಿ, ಮನೆಮನೆ ತಿರುಗಿ ಮಾರಿ ಬರುವಾಗ ಮಧ್ಯಾಹ್ನ ದಾಟುತ್ತಿತ್ತು. ಹೊರಗಿನಿಂದ ಬೀಗ ಹಾಕಿದ ಕೋಣೆಯಲ್ಲಿ ಮಗು ಒಬ್ಬಳೇ ಎದ್ದು ಅತ್ತದ್ದನ್ನು ಪಕ್ಕದವರು ಹೇಳಿದ ಮೇಲೆ ಅವಳನ್ನು ಇಲ್ಲಿಗೆ ತಂದು ಬಿಟ್ಟಿದ್ದು. ತಿಂಗಳ ಎರಡನೇ ಭಾನುವಾರ ನಾಲ್ಕು ಗಂಟೆಗೆ ಬಂದು ನೋಡಿಕೊಂಡು ಹೋಗುತ್ತಿದ್ದಳು. ಇವತ್ತು ಎರಡನೇ ಭಾನುವಾರವೇ. ಆದರೆ ಹಡಗಿನವರು ಬರುವುದು ಮೂರಕ್ಕೆ. ಅವರು ಹೋದ ಮೇಲೆ ಅಮ್ಮ ಬರುತ್ತಾಳೆ, ಒಬ್ಬರಿಗೊಬ್ಬರು ಸಿಗುವುದಿಲ್ಲ ಎಂದು ಶರ್ಮಿಳಾ ಲೆಕ್ಕ ಹಾಕಿದಳು.

ಸ್ನಾನ ಮಾಡಿಸುವಾಗ ಹೇಳಿಕೊಟ್ಟಳು. "ಹಡಗಿನವರು ಕೇಳಿದ್ರೆ ನೋ ಮದರ್, ನೋ ಫಾದರ್ ಅಂತ ಹೇಳ್ಬೇಕು. ಆಯ್ತಾ?"

"ನಂಗೆ ಅಮ್ಮ ಇದ್ದಾರಲ್ಲ ಶರ್ಮಿಳಕ್ಕ?"

"ಇದ್ದಾರೆ. ಆದ್ರೆ ಹೇಳ್ಬಾರದು. ಅದೊಂದು ಆಟ. ಹೇಳಿದ್ರೆ ನಿನ್ನ ಮಂಚ ಹೋಗ್ತದೆ."

"ಎಲ್ಲಿಗೆ?"

"ಎಲ್ಲಿಗಾದ್ರೂ."

ಮೋಕ್ಷಾ ನೀರಿನಲ್ಲಿ ಕೈ ಆಡಿಸುವುದನ್ನು ನಿಲ್ಲಿಸಿ ಅವಳ ಮುಖ ನೋಡಿದಳು. ಶರ್ಮಿಳಾ ನಗಲಿಲ್ಲ. ನಗಬೇಕಿತ್ತು ಎಂದು ಆಮೇಲೆ ಅನ್ನಿಸಿತು.

ಮೂರಕ್ಕೆ ರಿಕ್ಷಾ ಬಂತು. ಗಂಡ ಹೆಂಡತಿ ಇಬ್ಬರೇ, ವಯಸ್ಸಾದವರು. ಗಂಡನ ಕುತ್ತಿಗೆಯಲ್ಲಿ ಕ್ಯಾಮೆರಾ. ಹೆಂಡತಿಯ ಬಿಳಿ ಕೂದಲಿನಲ್ಲಿ ಯಾರೋ ಮುಡಿಸಿದ ಮಲ್ಲಿಗೆ ಅಡ್ಡಾದಿಡ್ಡಿ ನೇತಾಡುತ್ತಿತ್ತು. ಲತೀಶ್ ಅಡುಗೆಮನೆಯ ಕಿಟಕಿಗೆ ಬಂದು ನೀರು ಕೇಳಿದ.

"ನಂತೂರಿನಲ್ಲಿ ಲಾರಿಗಳ ಹಿಂದೆ ಅರ್ಧ ಗಂಟೆ. ಅಜ್ಜ ಇಳಿದು ಲಾರಿಗಳ ಫೋಟೋ ತೆಗ್ದಾಯ್ತು. ನಮ್ಮ ಟ್ರಾಫಿಕ್ ಬ್ಲಾಕ್ ನೋಡ್ಲಿಕ್ಕೂ ಜನ ಹಡಗಿನಲ್ಲಿ ಬರ್ತಾರೆ ನೋಡು."

ಹಾಲ್‌ನಲ್ಲಿ ಮಕ್ಕಳು ಸ್ವಾಗತದ ಹಾಡು ಶುರು ಮಾಡಿದರು. ಅದೇ ಹೊತ್ತಿಗೆ ಹಿಂದಿನ ಬಾಗಿಲು ಕಿರುಗುಟ್ಟಿತು. ವಾರಿಜಾಕ್ಷಿ ಬುಟ್ಟಿ ಇಳಿಸಿ ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದಳು.

"ಇವತ್ತು ಬೇಗ ಖಾಲಿಯಾಯ್ತು ಶರ್ಮಿಳಾ. ಬಲ್ಮಠದಲ್ಲಿ ಒಂದು ಮನೆಯಲ್ಲಿ ನೆಂಟರು ಬಂದಿದ್ರು, ಅಂಜಲ್ ಮೀನೆಲ್ಲ ಅವರೇ ತಗೊಂಡ್ರು. ಸ್ವಲ್ಪ ಬೂತಾಯಿ ಮಕ್ಕಳಿಗೆ ಉಳಿಸಿದ್ದೇನೆ. ಎಲ್ಲಿ ನನ್ನದು?"

"ವಾರಿಜಕ್ಕ, ಈಗ ಆಚೆ ಹೋಗ್ಬೇಡಿ. ಸ್ವಲ್ಪ ಇಲ್ಲೇ ಕೂತುಕೊಳ್ಳಿ."

"ಯಾಕೆ? ಮಂತ್ರಿ ಬಂದಿದ್ದಾರಾ?"

"ಹಡಗಿನವರು."

"ಓ, ಬರ್ಲಿ. ನನ್ನನ್ನು ನೋಡಿದ್ರೆ ಮೈಲಿಗೆ ಆಗ್ತದಾ ಅವರಿಗೆ?" ಎನ್ನುತ್ತಲೇ ಅವಳು ಕಿಟಕಿಗೆ ಬಂದಳು. ಶರ್ಮಿಳಾ ತಡೆಯಬೇಕೆಂದುಕೊಂಡಳು, ಹೇಗೆಂದು ತಿಳಿಯಲಿಲ್ಲ.

ಬಿಳಿ ಕೂದಲಿನ ಹೆಂಗಸು ನೆಲದ ಮೇಲೆಯೇ ಕೂತಿದ್ದರು. ಮೋಕ್ಷಾ ಅವರ ಮಲ್ಲಿಗೆಯನ್ನು ಬಿಚ್ಚಿ ಸರಿಯಾಗಿ ಮುಡಿಸುತ್ತಿದ್ದಳು. ಯಾರೂ ಹೇಳದೆ ಅವಳೇ ಮಾಡಿದ್ದು. ಹೆಂಗಸು ಅವಳ ಕೈ ಹಿಡಿದು ಏನೋ ಕೇಳಿದರು. 'ಮದರ್' ಎಂಬುದು ಮಾತ್ರ ಕಿಟಕಿಯವರೆಗೆ ಕೇಳಿಸಿತು.

"ನೋ ಮದರ್. ನೋ ಫಾದರ್," ಎಂದಳು ಮೋಕ್ಷಾ, ಪದ್ಯ ಒಪ್ಪಿಸುವಂತೆ. ಮತ್ತೆ ಒಂದು ಕ್ಷಣ ಯೋಚಿಸಿ ಸೇರಿಸಿದಳು: "ಆಲ್ ಡೆಡ್."

ಅದನ್ನು ಶರ್ಮಿಳಾ ಕಲಿಸಿರಲಿಲ್ಲ. ದೊಡ್ಡ ಹುಡುಗಿಯರಿಂದ ಕೇಳಿದ್ದನ್ನು ಚೆನ್ನಾಗಿರಲೆಂದು ಜೋಡಿಸಿದ್ದಳು.

ವಾರಿಜಾಕ್ಷಿ ಸರಳಿನಿಂದ ಕೈ ತೆಗೆದಳು. "ಡೆಡ್ ಅಂದ್ರೆ ಸತ್ತದ್ದಲ್ವಾ? ಫ್ಲ್ಯಾಟಿನವರು ಏಡಿ ನೋಡಿ ಕೇಳ್ತಾರಲ್ಲ, ಡೆಡ್ಡಾ ಅಂತ."

ಶರ್ಮಿಳಾ ಹೌದೆಂದು ತಲೆಯಾಡಿಸಿದಳು.

"ಯಾರು ಹೇಳ್ಕೊಟ್ಟದ್ದು?"

"ನಾನು."

ಹೊಡೆಯುತ್ತಾಳೆ ಎಂದುಕೊಂಡು ನಿಂತಳು. ವಾರಿಜಾಕ್ಷಿ ಹೊಡೆಯಲಿಲ್ಲ. ಸ್ವಲ್ಪ ಹೊತ್ತು ಹಾಲ್‌ನತ್ತ ನೋಡಿ, ಸ್ವರ ಇಳಿಸಿ ಕೇಳಿದಳು: "ಹೀಗೆ ಹೇಳಿದ್ರೆ ಅವಳನ್ನು ಇಟ್ಟುಕೊಳ್ತಾರಾ?"

"ಇಟ್ಟುಕೊಳ್ಬಹುದು."

ಅಷ್ಟರಲ್ಲಿ ಹೆಂಗಸು ಮೋಕ್ಷಾಳ ಕೈ ಹಿಡಿದು ನೇರ ಅಡುಗೆಮನೆಗೇ ಬಂದುಬಿಟ್ಟರು. ಮಕ್ಕಳು ಊಟ ಮಾಡುವ ಜಾಗ ನೋಡಬೇಕಿತ್ತಂತೆ. ಹಿಂದೆ ಓಡಿ ಬಂದ ಹೆಲನ್ ಬಾಯಿ ವಾರಿಜಾಕ್ಷಿಯನ್ನು ಕಂಡು ಬಾಗಿಲಲ್ಲೇ ನಿಂತರು. ಹೆಂಗಸು ನಗುತ್ತಾ, ಇವರು ಯಾರು ಎನ್ನುವಂತೆ ಕೈ ತೋರಿಸಿದರು.

ಹೆಲನ್ ಬಾಯಿ ಬಾಗಿಲಿನ ಚೌಕಟ್ಟು ಹಿಡಿದುಕೊಂಡರು.

ವಾರಿಜಾಕ್ಷಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬುಟ್ಟಿಯ ಮುಚ್ಚಳ ತೆಗೆದಳು. "ಫಿಶ್," ಎಂದಳು. "ಫಿಶ್ ಸೇಲ್, ಮೇಡಂ."

ಮೋಕ್ಷಾ ಅಮ್ಮನನ್ನು ನೋಡಿದಳು. ಶರ್ಮಿಳಾಳನ್ನು ನೋಡಿದಳು. ಆಟದಲ್ಲಿ ಅಮ್ಮನೂ ಇದ್ದಾರೆಂದು ಅವಳಿಗೆ ಹೊಳೆದದ್ದು ಮುಖದಲ್ಲೇ ಕಾಣಿಸಿತು. ಬುಟ್ಟಿಯ ಮುಂದೆ ಕುಕ್ಕರುಗಾಲಲ್ಲಿ ಕೂತು, ಒಂದು ಬೂತಾಯಿಯ ಕಿವಿರು ಎತ್ತಿ ನೋಡಿ ಕೇಳಿದಳು:

"ಬೂತಾಯಿ ಹೇಗೆ?"

"ನೂರಕ್ಕೆ ಹದಿನೈದು."

"ಅಬ್ಬಾ! ತುಂಬ ಜಾಸ್ತಿ ಆಯ್ತು. ಐಸಿನದ್ದಲ್ವಾ ಇದು?"

"ಐಸಿನದ್ದಲ್ಲ ಅಕ್ಕಾ, ಬೆಳಿಗ್ಗಿನದ್ದು. ನಿಮಗೆ ಎರಡು ಜಾಸ್ತಿ ಹಾಕ್ತೇನೆ. ತಗೊಳ್ಳಿ."

ಹೆಂಗಸಿಗೆ ಮಾತು ತಿಳಿಯದಿದ್ದರೂ ಆ ಪುಟ್ಟ ಹುಡುಗಿಯ ಚೌಕಾಸಿ ಕಂಡು ನಗು ತಡೆಯಲಾಗಲಿಲ್ಲ. ಗಂಡನನ್ನು ಕರೆದರು. ಅವರು ಫೋಟೋ ತೆಗೆದರು: ಯಾರೂ ಇಲ್ಲದ ಹುಡುಗಿ, ಮೀನು ಮಾರುವವಳು, ನಡುವೆ ಬುಟ್ಟಿ. ಎಣಿಸುವಾಗ ವಾರಿಜಾಕ್ಷಿಯ ಕೈಯಿಂದ ಮೀನು ಎರಡು ಸಲ ಜಾರಿ ಬಿತ್ತು. ಅದನ್ನು ನೋಡಿದ್ದು ಶರ್ಮಿಳಾ ಒಬ್ಬಳೇ.

ಹೆಂಗಸು ಮೋಕ್ಷಾಳ ತಲೆ ಸವರಿ ಹೆಲನ್ ಬಾಯಿಗೆ ಏನೋ ಹೇಳಿದರು. ಇಬ್ಬರೂ ಆಫೀಸಿಗೆ ಹೋದರು. ಸಹಿಯಾಯಿತು. ಲತೀಶ್ ಅಂಗಳದಿಂದ ಕೂಗಿದ: "ಮೇಡಂ, ಟೈಮ್ ಟೈಮ್! ಕೂಳೂರಿನಲ್ಲಿ ಬ್ಲಾಕ್ ಆದ್ರೆ ನೀವು ಇಲ್ಲೇ, ಹಡಗು ಅಲ್ಲೇ!" ಮಕ್ಕಳೆಲ್ಲ ಗೇಟಿನವರೆಗೆ ಓಡಿ ಟಾಟಾ ಮಾಡಿದರು.

ರಿಕ್ಷಾದ ಸದ್ದು ಅಡಗಿದ ಮೇಲೆ ವಾರಿಜಾಕ್ಷಿ ಕೈ ತೊಳೆದು, ಸೆರಗಿಗೆ ಒರೆಸಿ, ತೋಳು ಚಾಚಿದಳು. "ಬಾ ಮಗಾ."

ಗೇಟಿನಿಂದ ಮರಳಿದ ಮೋಕ್ಷಾ ಬಾಗಿಲ ಹತ್ತಿರವೇ ನಿಂತಳು. "ಮೀನು ಸಾಕು. ನೀವು ಹೋಗಿ."

ವಾರಿಜಾಕ್ಷಿ ನಕ್ಕಳು. "ಆಯ್ತು ಮಾರಾಯ್ತಿ, ಆಟ ಮುಗೀತು. ಬಾ."

"ಹೋಗಿ ನೀವು," ಎಂದಳು ಮೋಕ್ಷಾ, ಈ ಸಲ ಮೆಲ್ಲಗೆ, ಗುಟ್ಟು ಹೇಳುವಂತೆ. "ಮಂಚ ಹೋಗ್ತದೆ."

ಚಾಚಿದ ತೋಳು ಹಾಗೇ ಇತ್ತು. ಶರ್ಮಿಳಾ ಮಗುವಿನ ಎದುರು ಮೊಣಕಾಲೂರಿದಳು. "ಮೋಕ್ಷಾ, ಹೋಗುವುದಿಲ್ಲ. ನಾನು ಸುಮ್ಮನೆ ಹೇಳಿದ್ದು. ಸುಳ್ಳು."

"ಈಗ ಹೇಳುವುದು ಸುಳ್ಳಾ, ಆಗ ಹೇಳಿದ್ದಾ?"

ಶರ್ಮಿಳಾ ಅವಳ ಕೈ ಹಿಡಿಯಲು ಹೋದಳು, ಮೋಕ್ಷಾ ಬಿಡಿಸಿಕೊಂಡಳು.

"ಮಂಚ ನಿಮ್ಮದಲ್ಲ. ಹೆಲನ್ ಬಾಯಿದು. ಬಾಯಿ ಹೇಳ್ಲಿ."

ವಾರಿಜಾಕ್ಷಿ ತೋಳು ಇಳಿಸಿದಳು. ಸಿಟ್ಟು ಬಂದದ್ದು ಆಗ. "ದೊಡ್ಡ ಉಪಕಾರ ಮಾಡಿದೆ ಶರ್ಮಿಳಾ. ನಾನು ಅವರ ಎದುರಿಗೆ ಐದು ನಿಮಿಷ ಸುಳ್ಳು ಹೇಳಿದೆ. ನೀನು ಇವಳ ತಲೆಯೊಳಗೆ ಕೂರಿಸಿದೆ. ಹೆತ್ತವಳಿಗೆ ಹೋಗಿ ಅಂತಾಳಲ್ಲ! ಬೀಗ ಹಾಕಿದ ಕೋಣೆಯಲ್ಲಿದ್ದಾಗಲೂ ಅಮ್ಮಾ ಅಂತ ಕೂಗ್ತಿದ್ದಳು ಇವಳು."

ಶರ್ಮಿಳಾ ಎದ್ದಳು. ಜಗಲಿ ದಾಟಿ, ಆಫೀಸಿನ ಬಾಗಿಲು ದಾಟಿ, ಮೇಜಿನ ಮುಂದೆಯೇ ಹೋಗಿ ನಿಂತಳು.

ಹೆಂಗಸು ಸಹಿ ಹಾಕಿದ ಕಾಗದದ ಮೇಲ್ಭಾಗವನ್ನು ಹೆಲನ್ ಬಾಯಿ ತುಂಬಿಸುತ್ತಿದ್ದರು. ಮಗುವಿನ ಹೆಸರು ಆಗಿತ್ತು, ತಂದೆಯದ್ದೂ ಆಗಿತ್ತು, ತಾಯಿಯ ಸಾಲು ಮಾತ್ರ ಖಾಲಿಯಿತ್ತು. "ಎಂತ?" ಎಂದರು ತಲೆಯೆತ್ತದೆ.

"ನೀವು ಬಂದು ಹೇಳ್ಬೇಕು."

"ಎಂತ ಹೇಳ್ಬೇಕು?"

"ಅವಳಿಗೆ ಅಮ್ಮ ಇದ್ದಾರೆ ಅಂತ. ಅವಳು ಹತ್ತಿರ ಹೋಗುದಿಲ್ಲ. ನೀವು ಹೇಳಿದ್ರೆ ಮಾತ್ರ ಅಂತಾಳೆ."

ಹೆಲನ್ ಬಾಯಿ ಪೆನ್ನು ನಿಲ್ಲಿಸಿದರು. "ಆ ಹೆಂಗಸು ಇವಳಿಗೆ ತಿಂಗಳು ತಿಂಗಳು ಫೋನ್ ಮಾಡ್ತಾರಂತೆ, ವಿಡಿಯೋದಲ್ಲಿ. ಇವಳು ಮಾತಾಡ್ಬೇಕು. ಈಗ ನಾನು ಹೋಗಿ ಅಮ್ಮ ಇದ್ದಾರೆ ಅಂದ್ರೆ, ಈ ಕಾಗದ ಕಳಿಸ್ಲಿಕ್ಕೆ ಆಗುದಿಲ್ಲ. ಗೊತ್ತುಂಟಾ?"

"ಗೊತ್ತುಂಟು."

"ಮಾರ್ಚ್ ಆದ ಮೇಲೆ ಎಲ್ಲಿ ಹೋಗ್ತಾಳೆ? ಆ ಕೋಣೆಗಾ? ನೀನು ಹೇಳು."

ಶರ್ಮಿಳಾ ಮೇಜಿನ ಮುಂದಿನಿಂದ ಕದಲಲಿಲ್ಲ. ಫ್ಯಾನು ಕಟಕಟ ಎನ್ನುತ್ತಿತ್ತು. ಹೆಲನ್ ಬಾಯಿ ಒಮ್ಮೆ ಅವಳನ್ನು, ಒಮ್ಮೆ ಕಾಗದವನ್ನು ನೋಡಿದರು. ಕೊನೆಗೆ ಪೆನ್ನಿಗೆ ಮುಚ್ಚಳ ಹಾಕಿ, ಕಾಗದವನ್ನು ಡ್ರಾಯರಿಗೆ ತಳ್ಳಿ, "ನಿನಗೂ ಇವತ್ತೇ ಬಾಯಿ ಬರ್ಬೇಕಿತ್ತಾ?" ಎಂದು ಗೊಣಗುತ್ತಾ ಎದ್ದರು.

ಅಡುಗೆಮನೆಯ ಬಾಗಿಲಲ್ಲಿ ನಿಂತು ಹೇಳಿದರು: "ಮೋಕ್ಷಾ, ಇವರು ನಿನ್ನ ಅಮ್ಮ. ಯಾರು ಕೇಳಿದ್ರೂ ಹಾಗೇ ಹೇಳು."

ಮೋಕ್ಷಾ ಅವರ ಮುಖವನ್ನೇ ನೋಡಿದಳು. "ಮತ್ತೆ ಮಂಚ?"

"ಉಂಟು," ಎಂದರು ಹೆಲನ್ ಬಾಯಿ, ಯಾರನ್ನೂ ನೋಡದೆ. "ಹೋಗು ಈಗ."

ಮೋಕ್ಷಾ ಒಂದೊಂದೇ ಹೆಜ್ಜೆಯಿಟ್ಟು ಹೋದಳು. ವಾರಿಜಾಕ್ಷಿ ಅವಳನ್ನು ಬಾಚಿ ಎದೆಗೊತ್ತಿಕೊಂಡಳು. ಅಳು ಬಂದು ಬೆನ್ನು ಕುಲುಕುತ್ತಿತ್ತು. ಮೋಕ್ಷಾ ಅಳಲಿಲ್ಲ. ಅವಳ ಗಲ್ಲ ಅಮ್ಮನ ಭುಜದ ಮೇಲಿತ್ತು. ಅಲ್ಲಿಂದ ಅವಳು ತೆರೆದ ಬಾಗಿಲಾಚೆ, ಅಂಗಳದಾಚೆ, ಗೇಟನ್ನೇ ನೋಡುತ್ತಿದ್ದಳು, ರಿಕ್ಷಾ ಪುನಃ ಬಂದು ಹಡಗಿನವರು ನೋಡಿಬಿಟ್ಟಾರೋ ಎಂದು.