ಢಾಲಿನ ಕೈ

ಈಶ್ವರ ಅಣ್ಣನ ಎಡಗೈ ಹಿಡಿದು ಜಗ್ಗಿದ. ಜಪ್ಪಯ್ಯ ಅಂದರೂ ಕೈ ಎದೆ ಬಿಟ್ಟು ಸರಿಯಲಿಲ್ಲ. ಗೋಡೆಗೆ ಆನಿಸಿ ಕೂರಿಸಿದ್ದ ಹೆಣವೇ ಅವನ ಕಡೆ ವಾಲಿ, ಹಣೆಯ ವಿಭೂತಿ ಅವನ ಅಂಗಿಗೆ ಹತ್ತಿತು. ಅಣ್ಣ ವಿರುಪಾಕ್ಷಪ್ಪ ಸತ್ತದ್ದು ನಸುಕಿನಲ್ಲಿ. ಅಥಣಿಯಿಂದ ಅಯ್ಯನವರು ಬರುವಷ್ಟರಲ್ಲಿ ಮೈ ಸೆಟೆದುಹೋಗಿತ್ತು. ಎಡ ಅಂಗೈಯಲ್ಲಿ ಲಿಂಗ ಇಡದೆ ಹೆಣ ಎತ್ತುವ ಹಾಗಿಲ್ಲ. ಆ ಅಂಗೈ ನೋಡಿದರೆ ಎದೆಗೆ ಅಂಟಿಕೊಂಡು ಕೂತಿದೆ.

"ಮೊಣಕೈ ಮೊದಲ ಮುರದದ್ದೈತ್ರಿ ಅಯ್ನೋರ. ಇನ್ನೊಮ್ಮೆ ಮುರೀದಿದ್ರ ಬಿಚ್ಚಂಗಿಲ್ಲ," ಅಂದ ಈಶ್ವರ.

ಮೂಲೆಯಲ್ಲಿ ಕೂತಿದ್ದ ಚನ್ನವ್ವ ತಲೆ ಎತ್ತಿದಳು. ಗಂಡನ ಆ ಕೈಯನ್ನು ಮೊದಲ ಸಲ ಮುರಿದವಳು ಅವಳೇ. ಬಾಗಿಲಲ್ಲಿ ಕೂತ ಗಂಡಸರಲ್ಲಿ ಯಾರೋ ಅದನ್ನೇ ಪಿಸುಗುಟ್ಟಿದರು, ಇನ್ನೊಬ್ಬ ಕೆಮ್ಮಿ ನಗು ನುಂಗಿದ. ಸಾವಿನ ಮನೆಯಲ್ಲೂ ಅನಂತಪುರದ ಊರಬಾಯಿ ಸುಮ್ಮನಿರುವುದಲ್ಲ.

*

ಅವರ ಕಬ್ಬಿನ ಹೊಲದ ಬದುವಿನಲ್ಲಿ ಎರಡು ವೀರಗಲ್ಲು ಇದ್ದವು. ಒಂದರಲ್ಲಿ ವೀರ ಢಾಲನ್ನು ಎದೆಗೆ ಅಡ್ಡ ಹಿಡಿದಿದ್ದಾನೆ, ವೈರಿಯ ಕತ್ತಿ ಮೇಲೆದ್ದಿದೆ. ಇನ್ನೊಂದರಲ್ಲಿ ಅದೇ ಢಾಲು ನೆಲದ ಕಡೆ ಮುಖ ಮಾಡಿದೆ, ವೈರಿಯ ಕತ್ತಿ ಅದರಡಿ ಸಿಕ್ಕಿಬಿದ್ದಿದೆ. ನಡುವೆ ಕೈ ಹೇಗೆ ಹೊರಳಿತು? ಕೆತ್ತಿದವ ಹೇಳದೆ ಹೋಗಿದ್ದ. ವಿರುಪಾಕ್ಷಪ್ಪನಿಗೆ ಅದೇ ಹುಚ್ಚು ಹತ್ತಿತು. ರಾಯಬಾಗದ ಕಡೆಯ ಗುಡಿಗಳ ಗೋಡೆ ತಡವಿ ಬಂದ, ನಿಪ್ಪಾಣಿಯ ಪಟ್ಟಾ ಕತ್ತಿ ತಿರುಗಿಸುವವರನ್ನು ಕೇಳಿ ಬಂದ. ಅವರಿಗೆ ಕತ್ತಿಯ ವರಸೆ ಗೊತ್ತು, ಢಾಲಿನದು ಮರೆತುಹೋಗಿತ್ತು. ಕಲ್ಲು ಹೇಳದ್ದನ್ನು ಮೈಯನ್ನೇ ಕೇಳಿ ತಿಳಿಯಬೇಕು ಅಂದ.

ದ್ರಾಕ್ಷಿ ತೋಟದ ಕೆಲಸ ಮುಗಿದ ಮೇಲೆ ಹಿತ್ತಲಲ್ಲಿ ಆ ಪರೀಕ್ಷೆ ಶುರುವಾಗುತ್ತಿತ್ತು. ಅವನ ಮುಂಗೈಗೆ ಢಾಲಿನ ಬದಲು ಹಗ್ಗದಿಂದ ಬಿಗಿದ, ಹಿಟ್ಟು ನಾದುವ ಅಗಲ ಪರಾತ, ಚನ್ನವ್ವನ ಕೈಗೆ ಬಡಿಗೆ. ಊರು ನಕ್ಕಿತು. ಮೊದಮೊದಲು ಅವಳಿಗೂ ನಗುವೇ, ಆಮೇಲಾಮೇಲೆ ಆ ಹೊತ್ತಿಗಾಗಿ ಕಾಯತೊಡಗಿದಳು. ಅವನು ಪ್ರತಿಸಲ ಮೊಣಕೈ ಮೇಲೆತ್ತಿಯೇ ಪರಾತ ಹೊರಳಿಸುತ್ತಿದ್ದ. ಪ್ರತಿಸಲ ಮೊಣಕೈ ಅವಳ ಬಡಿಗೆಗೆ ಸಿಗುತ್ತಿತ್ತು. ಒಂದು ಸಂಜೆ, ಅಂಜಬೇಡ, ಜೋರಾಗಿ ಹೊಡೆ ಅಂದ. ಹೊಡೆದಳು. ಎಲುಬು ಮುರಿದ ಸಪ್ಪಳ ಹಿತ್ತಲಿಗೆಲ್ಲ ಕೇಳಿಸಿತು.

ಎಲುಬು ಸೊಟ್ಟಗೇ ಕೂಡಿತು. ಅವಳು ಮತ್ತೆ ಬಡಿಗೆ ಮುಟ್ಟಲಿಲ್ಲ. ಅವನು ಕಲ್ಲಿನ ಮುಂದೆ ಒಬ್ಬನೇ ನಿಂತು ಸೊಟ್ಟ ಕೈ ಆಡಿಸುತ್ತಿದ್ದ. ಹೊಡೆಯುವವರಿಲ್ಲದೆ ತಡೆಯುವುದು ಏನನ್ನು? ಮೊನ್ನೆ ಉಣ್ಣುವಾಗಲೂ ಕೇಳಿದ್ದ.

"ಚನ್ನೀ, ಒಂದ್ಸಲ ಎದುರ ನಿಂದರ. ಅದೊಂದು ತಿಳೀದ ಸಾಯಾಕ ಮನಸಿಲ್ಲ ನನಗ."

"ನನ್ನ ಕೈಲೆ ಆಗೂದಿಲ್ರಿ," ಅಂದಿದ್ದಳು. ಅವನು ಇನ್ನೊಂದು ರೊಟ್ಟಿ ಮುರಿದುಕೊಂಡ.

*

"ಮುರೀಬ್ಯಾಡ ಈಶ್ವರ. ಸರಿ ಅತ್ತಾಗ."

ಚನ್ನವ್ವ ಎದ್ದು ಬಂದು ಗಂಡನ ಎದುರಿಗೆ ಕೂತಳು. ತಣ್ಣಗಿನ ಮುಂಗೈ ಹಿಡಿದು ಮೇಲೆತ್ತಿದಳು, ಬರಲಿಲ್ಲ. ಮೊಣಕೈಗೆ ಅಂಗೈ ಕೊಟ್ಟು ಮೆಲ್ಲಗೆ ಕೆಳಕ್ಕೆ, ಪಕ್ಕೆಯ ಕಡೆಗೆ ಒತ್ತಿದಳು. ಮೊಣಕೈ ಇಳಿಯಿತು. ಇಳಿದದ್ದೇ ತಡ, ಮುಂಗೈ ತಾನಾಗಿ ಹೊರಳಿ ಅಂಗೈ ಮೇಲಾಯಿತು.

ಅವಳ ಕೈಗಳು ಅಲ್ಲೇ ನಿಂತವು. ಈ ಮುಂಗೈಗೆ ಪರಾತ ಬಿಗಿದಿದ್ದರೆ ಅದರ ಮುಖ ಈಗ ನೆಲಕ್ಕಿರುತ್ತಿತ್ತು, ತನ್ನ ಬಡಿಗೆ ಅದರಡಿ ಸಿಕ್ಕಿಬಿದ್ದಿರುತ್ತಿತ್ತು. ಮೊಣಕೈ ಎತ್ತುವುದಲ್ಲ, ಇಳಿಸುವುದು. ಅಯ್ಯೋ ದೇವರೇ, ಇಷ್ಟೇ ಇತ್ತು.

"ಸಿಕ್ತರಿ," ಅಂದಳು, ಗಂಡನ ಮುಖ ನೋಡಿ.

ಅಯ್ಯನವರು ಅವಸರದಲ್ಲಿ ಅಂಗೈಯಲ್ಲಿ ಲಿಂಗ ಇಟ್ಟು, ಹೆಣ ಎತ್ತಲು ಹೇಳಿದರು. ಚನ್ನವ್ವ ಈಶ್ವರನ ತೋಳು ಹಿಡಿದುಕೊಂಡಳು.

"ಮೊಣಕೈ ಕೆಳಗ ಒತ್ತಬೇಕಾಗಿತ್ತೋ. ನಿಮ್ಮಣ್ಣ ಮ್ಯಾಲೆತ್ತತಿದ್ದ. ನಾ ಒಂದ್ಸಲ ನಿಂತಿದ್ರ ಗೊತ್ತಾಗ್ತಿತ್ತು."

"ಹೌದ್ರಿ ವೈನಿ, ಹೌದು," ಅಂದ ಅವನು. ದುಃಖಕ್ಕೆ ತಲೆ ಕೆಟ್ಟಿದೆ ಅಂದುಕೊಂಡು ಅವಳನ್ನು ಹೆಂಗಸರ ಕೈಗೆ ಒಪ್ಪಿಸಿದ. ಅವಳು ಸುತ್ತ ಎಲ್ಲರ ಮುಖ ನೋಡಿದಳು. ಇದನ್ನು ಕೇಳಿ ಕುಣಿದಾಡುವವನು ಜಗತ್ತಿನಲ್ಲಿ ಒಬ್ಬನೇ ಇದ್ದ, ಅವನನ್ನು ಹೊತ್ತು ಹೊರಟಿದ್ದರು.

ಹೊಲದಲ್ಲಿ ಗುಂಡಿಯೊಳಗೆ ಅವನನ್ನು ಕೂರಿಸಿ ವಿಭೂತಿ, ಪತ್ರಿ, ಉಪ್ಪು ಹಾಕಿದರು. ಆಮೇಲೆ ಒಬ್ಬೊಬ್ಬರೂ ಒಂದೊಂದು ಹಿಡಿ ಮಣ್ಣು. ಚನ್ನವ್ವನ ಸರದಿ ಬಂತು. ಬಲಗೈಯಲ್ಲಿ ಮಣ್ಣು ತುಂಬಿಕೊಂಡಳು. ಎಲ್ಲರ ಹಾಗೆ ಬಾಗಿ ಹಾಕಲಿಲ್ಲ. ಬಡಿಗೆ ಬೀಸುವ ಹಾಗೆ ತೋಳು ತಲೆಯ ಮೇಲಕ್ಕೆದ್ದು, ರಭಸದಿಂದ ಕೆಳಗಿಳಿಯಿತು. ಮಣ್ಣು ಅವನ ಎಡ ಮೊಣಕೈಗೆ ಬಡಿದು ಚೆದುರಿತು. ಚನ್ನವ್ವ ಅಂಚಿನಲ್ಲಿ ಬಾಗಿ, ಆ ಕೈಯನ್ನೇ ನೋಡುತ್ತ ಕಾದಳು.